ಹಾಡಿನಡಿ ಹೂತ ಮಾತು

ಮದುವೆಯ ಕ್ಯಾಸೆಟ್ಟಿನಲ್ಲಿ ಎಲ್ಲರೂ ಇದ್ದಾರೆ, ಯಾರೂ ಮಾತಾಡುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳೆಯ ಲಗ್ನದ ಸೂಟಿಂಗ್ ಹಾಕಿ ಕೂತರೆ ಮೊದಲು ತಟ್ಟುವುದು ಇದೇ. ಹಂದರದ ಕೆಳಗೆ ಸುರಗಿ ಸುತ್ತುತ್ತಿದ್ದಾರೆ. ಅರಿಶಿನ ಮೆತ್ತಿದ ಕೆನ್ನೆಗಳು, ಹಾಲೋಜನ್ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಬೀಗರು, ಪೇಟ ಸರಿಮಾಡಿಕೊಳ್ಳುವ ಕಾಕಾ, ಸೆರಗು ತಲೆಯ ಮೇಲೆ ಎಳೆದುಕೊಳ್ಳುವ ಆಯಿ. ತುಟಿಗಳು ಅಲ್ಲಾಡುತ್ತವೆ, ಕೈಗಳು ಏನನ್ನೋ ಹೇಳುತ್ತವೆ. ಕಿವಿಗೆ ಬೀಳುವುದು ಮಾತ್ರ ಆ ವರ್ಷ ಗೆದ್ದ ಯಾವುದೋ ಹಿಂದಿ ಸಿನಿಮಾದ ಹಾಡು.

ಸ್ಟುಡಿಯೋದವರು ಅದನ್ನು ಪ್ರೀತಿಯಿಂದಲೇ ಮಾಡಿದ್ದರು. ಜನರೇಟರಿನ ಸದ್ದು, ಬ್ಯಾಂಡಿನವರ ಅಬ್ಬರ, ಊಟದ ಪಂಕ್ತಿಯ ಗಲಾಟೆ ಎಲ್ಲ ಸೇರಿ ಟೇಪಿನ ಮೂಲ ಧ್ವನಿ ಕಿವಿಗೆ ಒರಟಾಗಿತ್ತು. ‘ಮಿಕ್ಸಿಂಗ್’ ಮಾಡುವಾಗ ಅದನ್ನು ಇಳಿಸಿ ಮೇಲೆ ಹಾಡು ಹೊದಿಸಿದರು. ಮದುಮಗನ ಮುಖ ಗುಲಾಬಿ ಹೂವಿನೊಳಗಿಂದ ಅರಳಿತು, ಮದುಮಗಳು ಹೃದಯದ ಚೌಕಟ್ಟಿನೊಳಗೆ ತಿರುಗಿದಳು. ಮನೆಯವರಿಗೂ ಅದು ಬೇಕಿತ್ತು. ತಮ್ಮ ಮನೆಯ ಲಗ್ನ ಸಿನಿಮಾದ ಹಾಗೆ ಕಾಣುವುದು ಸಣ್ಣ ಸಂತೋಷವೇನಲ್ಲ.

ಆದರೆ ಹಾಡಿನ ಕೆಳಗೆ ಏನೇನು ಇತ್ತು? ಅರಿಶಿನ ಹಚ್ಚುವಾಗ ಹೆಂಗಸರು ದನಿಗೆ ದನಿ ಕೂಡಿಸಿ ಹೇಳಿದ ಸೋಬಾನೆ ಪದ ಇತ್ತು. ‘ಏ ತಂಗಿ, ಆರತಿ ತಾಟು ಎಲ್ಲಿಟ್ಟಿ?’ ಎಂದು ಒಳಮನೆಯಿಂದ ಕೂಗಿದ ಆಯಿ ಇದ್ದಳು. ಬೀಗರಿಗೆ ಇನ್ನೂ ಚಹಾ ಮುಟ್ಟಿಲ್ಲವೆಂದು ಹಂದರದ ತುದಿಯಿಂದ ತುದಿಗೆ ಓಡಾಡಿದ ಕಾಕಾನ ಸಿಟ್ಟು ಇತ್ತು. ಮಗಳನ್ನು ಕಳಿಸಿಕೊಡುವಾಗ ಅವ್ವ ಅತ್ತ ದನಿ ಇತ್ತು. ಇಪ್ಪತ್ತು, ಮೂವತ್ತು ವರ್ಷ ಕಳೆದು ಆ ಆಯಿ, ಆ ಕಾಕಾ ಇಲ್ಲವಾದ ಮೇಲೆ ಮನೆಯವರು ಟೀವಿಯ ಮುಂದೆ ಹುಡುಕುವುದು ಆ ದನಿಯನ್ನು. ಮುಖಕ್ಕೆ ಗೋಡೆಯ ಮೇಲೆ ಫೋಟೋ ಇದೆ. ದನಿಗೆ ಎಲ್ಲಿದೆ?

ಮನೆಮಂದಿಗೆಂದು ಮನೆಯವರೇ ಕೂತು ಒಂದು ಡಿವಿಡಿ ಮಾಡಿ ಉಡುಗೊರೆ ಕೊಡುವ ವಿಚಾರಕ್ಕೆ ಅರ್ಥ ಬರುವುದು ಇಲ್ಲಿಂದ.

ಇಂಥ ಮನೆಗಳಿರುವ ಒಂದು ಊರು ನೋಡಿ, ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರ. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ಅಲ್ಲಿದೆ. ಸುತ್ತ ತೊಗರಿ, ಜೋಳ, ಕಡಲೆಯ ಹೊಲಗಳು. ಆಚೆ ಪುಣೆ ಮತ್ತು ಹೈದರಾಬಾದನ್ನು ಕೂಡಿಸುವ ಹೆದ್ದಾರಿ. ಆ ಹೆದ್ದಾರಿಯ ಎರಡೂ ತುದಿಗೆ ಈ ಸೀಮೆಯ ಮಕ್ಕಳು ಹೋಗಿದ್ದಾರೆ. ಒಬ್ಬ ಹೈದರಾಬಾದಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ, ಮಗಳು ಸೊಲ್ಲಾಪುರದಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ. ಹೀಗೆ ಹಂಚಿಹೋದ ಮನೆ ಒಂದಾಗುವುದು ಲಗ್ನಕ್ಕೆ, ಬಸವ ಜಯಂತಿಗೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಮಾಣಿಕನಗರದ ದತ್ತ ಜಯಂತಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ. ಅವತ್ತು ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಸಂಜೆಗೆ ಮನೆಗೆ ಬರುತ್ತಾರೆ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಒಂದೇ ಚಾಪೆಯ ಮೇಲೆ ಕೂರುವ ಆ ದಿನಕ್ಕೆ ಹಂಚಲು ಮನೆಯ ಚಿತ್ರಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮುತ್ಯಾನಿಗೆ ಎಪ್ಪತ್ತೈದು ತುಂಬಿದಾಗ, ಅಪ್ಪ ಅವ್ವನ ಲಗ್ನಕ್ಕೆ ಐವತ್ತಾದಾಗ, ಹೊಸ ಮನೆಯ ವಾಸ್ತುವಿನ ದಿನ ಆಯೇರಿ ಎಂದು ಸೀರೆ, ಟಾವೆಲ್, ಸ್ಟೀಲಿನ ಡಬ್ಬಿ, ಗೋಡೆ ಗಡಿಯಾರ ಬರುತ್ತವೆ, ಬರಲಿ. ಅವುಗಳ ನಡುವೆ ಇದೂ ಒಂದು ಇರಲಿ.

ಮನೆಯ ಚಿತ್ರ ಸಿನಿಮಾಕ್ಕಿಂತ ಕಿರಿಯದಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸಹೋದರರು ಜನರಿಗೆ ತೋರಿಸಿದ ಮೊದಲ ಚಿತ್ರಗಳಲ್ಲಿ ಒಂದು ಅವರದೇ ಮನೆಯದು. ಆಗಸ್ಟ್ ಲೂಮಿಯೇರ್ ಮತ್ತು ಅವನ ಹೆಂಡತಿ ತಮ್ಮ ಕೂಸಿಗೆ ಉಣಿಸುತ್ತಿದ್ದಾರೆ, ಅಷ್ಟೇ. ಒಂದು ನಿಮಿಷವೂ ಇಲ್ಲ. ಅವತ್ತಿನ ನೋಡುಗರನ್ನು ಬೆರಗುಗೊಳಿಸಿದ್ದು ಕೂಸಿಗಿಂತ ಹೆಚ್ಚಾಗಿ ಹಿಂದೆ ಗಾಳಿಗೆ ಅಲ್ಲಾಡುತ್ತಿದ್ದ ಗಿಡದ ಎಲೆಗಳು ಎಂದು ಸಿನಿಮಾದ ಚರಿತ್ರೆ ಬರೆದವರು ಹೇಳುತ್ತಾರೆ. ಕ್ಯಾಮೆರಾ ಹಿಡಿದವನು ತೋರಿಸಬೇಕೆಂದುಕೊಂಡದ್ದು ಒಂದು, ನೋಡುವವರ ಕಣ್ಣು ಹೋದದ್ದು ಇನ್ನೊಂದರ ಕಡೆ. ಮನೆಯ ಚಿತ್ರದಲ್ಲಿ ಈಗಲೂ ಹೀಗೆಯೇ ಆಗುತ್ತದೆ. ಮದುಮಗನ ಸೂಟು ಯಾರಿಗೂ ನೆನಪಿರುವುದಿಲ್ಲ. ಹಿಂದಿನ ಗೋಡೆಗೆ ಆನಿಸಿಟ್ಟ ಬೀಸುವ ಕಲ್ಲು, ಮೂಲೆಯ ಕಾಳಿನ ಚೀಲಗಳು, ಈಗ ಕೆಡವಿದ ಹಳೆಯ ದನದ ಕೊಟ್ಟಿಗೆ ಕಂಡಕೂಡಲೇ ‘ನಿಲ್ಸು, ನಿಲ್ಸು’ ಎಂದು ಎಲ್ಲರೂ ಕೂಗುತ್ತಾರೆ.

ಈ ಸೀಮೆಯ ಟ್ರಂಕು, ಕಪಾಟುಗಳಲ್ಲಿ ಸಿಗುವ ಚಿತ್ರಗಳಿಗೆ ಒಂದು ಕಾಲಕ್ರಮವಿದೆ. ಫಿಲ್ಮಿನ ಹೋಮ್ ಮೂವಿ, ಅಂದರೆ 1965ರಲ್ಲಿ ಕೊಡಾಕ್ ತಂದ ಸೂಪರ್ 8 ಜಾತಿಯದು, ಹಳ್ಳಿಯ ಮನೆಗಳಿಗೆ ಬರಲೇ ಇಲ್ಲ. ಒಂದು ಕಾರ್ಟ್ರಿಜ್‌ಗೆ ಮೂರು ನಿಮಿಷದ ಚಿತ್ರ, ಅದನ್ನು ತೊಳೆಸಲು ಮಹಾನಗರಕ್ಕೆ ಕಳಿಸಬೇಕು. ಅಷ್ಟು ದುಡ್ಡು ಯಾರ ಹತ್ತಿರ ಇತ್ತು? ಇಂಥ ಮನೆಗಳ ಚಿತ್ರ ಶುರುವಾದದ್ದು ವಿಡಿಯೋದಿಂದ. 1982ರ ದಿಲ್ಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟೀವಿ ಬಂತು, ವಿಸಿಆರ್‌ಗಳು ಹೊರದೇಶದಿಂದ ಬರತೊಡಗಿದವು. ಹತ್ತು ವರ್ಷದೊಳಗೆ ತಾಲೂಕು ಊರುಗಳ ಫೋಟೋ ಸ್ಟುಡಿಯೋಗಳು ಹೆಗಲ ಮೇಲಿನ ವಿಎಚ್‌ಎಸ್ ಕ್ಯಾಮೆರಾ ಕೊಂಡವು. ಒಬ್ಬ ಸೂಟಿಂಗ್ ಮಾಡಿದರೆ ಪಕ್ಕದಲ್ಲಿ ಒಬ್ಬ ಹುಡುಗ ದೀಪ ಎತ್ತಿ ಹಿಡಿಯುತ್ತಿದ್ದ, ವೈರು ಎಳೆದು ಕೊಡಲು ಮತ್ತೊಬ್ಬ. ಮೂರು ತಾಸಿನ ದಪ್ಪ ಕರಿ ಕ್ಯಾಸೆಟ್ಟು ಆ ಕಾಲದ್ದು. ಆಮೇಲೆ ಅಂಗೈಯಲ್ಲಿ ಹಿಡಿಯುವ ಮಿನಿ ಡಿವಿ, ವಿಸಿಡಿ, ಅದರ ಹಿಂದೆಯೇ ಡಿವಿಡಿ. ಊರಲ್ಲಿ ಎಲ್ಲಕ್ಕೂ ಹೆಸರು ‘ಸೀಡಿ’ ಎಂದೇ.

ಆಮೇಲೆ ಮೊಬೈಲು. ಮೊದಲ ಕ್ಯಾಮೆರಾ ಫೋನುಗಳ 3ಜಿಪಿ ತುಣುಕುಗಳು ಇಂದಿನ ಪರದೆಯ ಮೇಲೆ ಅಂಚೆಚೀಟಿಯಷ್ಟು ಕಾಣುತ್ತವೆ. ಅವನ್ನು ಮಸುಕೆಂದು ಅಳಿಸಿದವರು ಬಹಳ. ಅಳಿಸಬಾರದಿತ್ತು. ಆ ತುಣುಕುಗಳಿಗೆ ಯಾರೂ ಹಾಡು ಹೊದಿಸಿಲ್ಲ. ಅವುಗಳಲ್ಲಿ ಜನ ಮಾತಾಡುತ್ತಾರೆ.

ಡಿವಿಡಿ ಮಾಡಲು ಕೂರುವವರು ಮೊದಲು ಮಾಡಬೇಕಾದ ಕೆಲಸ ಕಂಪ್ಯೂಟರ್ ತೆರೆಯುವುದಲ್ಲ, ಮನೆಮನೆ ಕೇಳುವುದು. ಒಂದು ಲಗ್ನದ ಕ್ಯಾಸೆಟ್ಟು ಗಂಡಿನ ಮನೆಯಲ್ಲಿ ಇರುತ್ತದೆ, ಅದರ ಇನ್ನೊಂದು ಪ್ರತಿ ಹೆಣ್ಣಿನ ತವರಲ್ಲಿ. ಒಂದು ಕಡೆ ಬೂಜು ಹಿಡಿದದ್ದು ಇನ್ನೊಂದು ಕಡೆ ಚೆನ್ನಾಗಿರಬಹುದು. ಸೂಟಿಂಗ್ ಮಾಡಿದ ಸ್ಟುಡಿಯೋ ಇನ್ನೂ ನಡೆಯುತ್ತಿದ್ದರೆ ಅಲ್ಲಿಗೂ ಹೋಗಿ, ಮಿಕ್ಸಿಂಗಿಗೆ ಮುಂಚಿನ ಮೂಲ ಟೇಪು ಉಳಿದಿದೆಯೇ ಎಂದು ಕೇಳಬೇಕು. ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ಒಂದು ಲಗ್ನದ ಮೇಲೆ ಇನ್ನೊಂದನ್ನು ತೆಗೆಯುವುದು ಸಾಮಾನ್ಯವಾಗಿತ್ತು, ಹಾಗಾಗಿ ಸಿಗುವುದು ಅಪರೂಪ. ಸಿಕ್ಕರೆ ಮಾತ್ರ ಅದು ಬಂಗಾರ. ಹಾಡು ಹೊದಿಸದ, ಜನರೇಟರ್ ಸದ್ದಿನ, ಒರಟು, ನಿಜವಾದ ಮದುವೆ ಅದರೊಳಗಿದೆ.

ಸಿಕ್ಕ ಕ್ಯಾಸೆಟ್ಟನ್ನು ಕೂಡಲೇ ಯಂತ್ರಕ್ಕೆ ತುರುಕಬಾರದು. ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ನೋಡಬೇಕು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಜು. ಹಾಗೆಯೇ ಓಡಿಸಿದರೆ ವಿಸಿಆರ್‌ನ ಹೆಡ್ ಕೆಡುತ್ತದೆ, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಬೂಜು ಅಂಟುತ್ತದೆ. ಅಂಥದನ್ನು ಬೇರೆ ಇಟ್ಟು, ತೊಳೆದು ಕೊಡುವವರಿಗೆ ಒಪ್ಪಿಸುವುದೇ ಸರಿ. ಚೆನ್ನಾಗಿರುವ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿದರೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಸುರುಳಿ ಸಡಿಲವಾಗುತ್ತದೆ. ಇನ್ನು ವಿಸಿಆರ್ ಹುಡುಕುವುದೇ ಒಂದು ಕೆಲಸ. ಜಗತ್ತಿನಲ್ಲಿ ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಇರುವುದು ಹಳೆಯವು ಮಾತ್ರ. ಟೀವಿ ರಿಪೇರಿ ಅಂಗಡಿಯ ಅಟ್ಟದ ಮೇಲೆ, ಸ್ಟುಡಿಯೋದ ಮೂಲೆಯಲ್ಲಿ, ಹೊರದೇಶದಿಂದ ಬಂದವರ ಮನೆಯ ಶೋಕೇಸಿನಲ್ಲಿ ವಿಚಾರಿಸಬೇಕು.

ವಿಸಿಆರ್‌ನ ಹಿಂದಿನ ಹಳದಿ, ಬಿಳಿ, ಕೆಂಪು ಪಿನ್ನುಗಳಿಂದ ವೈರು ತಂದು, ಒಂದು ಸಣ್ಣ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ಕೂಡಿಸಿದರೆ ಚಿತ್ರ ಇಳಿಯತೊಡಗುತ್ತದೆ. ಇದಕ್ಕೆ ಅವಸರವಿಲ್ಲ. ಮೂರು ತಾಸಿನ ಕ್ಯಾಸೆಟ್ಟು ಮೂರು ತಾಸೇ ತೆಗೆದುಕೊಳ್ಳುತ್ತದೆ. ವಿಸಿಡಿಯಾದರೆ ಕೆಲಸ ಬೇಗ, ಅದರೊಳಗಿನ ಡಿಎಟಿ ಕಡತಗಳನ್ನು ಹಾಗೆಯೇ ನಕಲು ಮಾಡಿಕೊಳ್ಳಬಹುದು. ಮಿನಿ ಡಿವಿಯದು ಫೈರ್‌ವೈರ್‌ನಲ್ಲಿ ಮೂಲದ ಗುಣ ಕೆಡದೆ ಇಳಿಯುತ್ತದೆ, ಒಂದು ತಾಸಿಗೆ ಸುಮಾರು 13 ಜಿಬಿ ಜಾಗ ಬೇಡುತ್ತದೆ.

ಈ ಮೂರು ತಾಸನ್ನು ಕಂಪ್ಯೂಟರಿನ ಪಾಡಿಗೆ ಬಿಟ್ಟು ಹೊರಗೆ ಹೋಗುವವರು ಉಡುಗೊರೆಯ ಅರ್ಧ ಭಾಗವನ್ನು ಕಳೆದುಕೊಳ್ಳುತ್ತಾರೆ. ಟೇಪು ಓಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಒಂದು ಮೊಬೈಲಿನಲ್ಲಿ ಧ್ವನಿ ಮುದ್ರಣ ಹಚ್ಚಿ ಅವರ ಮಗ್ಗುಲಲ್ಲೇ ಇಡಬೇಕು. ಆಗ ನಡೆಯುವ ಮಾತು ಹೀಗಿರುತ್ತದೆ:

‘ಇಕಿ ಯಾರ್ ಅದಾಳ ಆಯಿ, ಹಸರು ಸೀರಿ ಉಟ್ಟಾಕಿ?’

‘ಗುರ್ತ ಸಿಗಲಿಲ್ಲೇನೋ? ನಮ್ಮ ಸೋದರತ್ತಿ ಸೊಸಿ. ಹುಲಸೂರಿಗಿ ಕೊಟ್ಟಿದ್ರು ಆಕಿಗಿ. ಪದ ಹೇಳೂದ್ರಾಗ ಆಕಿ ಕೈ ಹಿಡಿಯವರು ಯಾರೂ ಇರ್ಲಿಲ್ಲ.’

‘ಈಗ ಹೇಳ್ತಾಳೇನು?’

‘ಈಗ ಎಲ್ಲಿ ಹೇಳ್ತಾಳಪ್ಪಾ. ನಾನೇ ಹೇಳ್ಬೇಕು ಆಕಿ ಪದ.’

ಅಷ್ಟು ಅಂದು ಆಯಿ ಎರಡು ಸಾಲು ಹೇಳಿಯೇ ಬಿಡುತ್ತಾಳೆ. ಹಾಡಿನಡಿ ಹೂತುಹೋಗಿದ್ದ ಸೋಬಾನೆ ಪದ, ಅದೇ ಟೇಪನ್ನು ನೋಡುತ್ತ ಕೂತ ಇನ್ನೊಬ್ಬಳ ಬಾಯಿಂದ ಹೀಗೆ ತಿರುಗಿ ಬರುತ್ತದೆ. ಈ ಧ್ವನಿಯನ್ನು ಆ ದೃಶ್ಯಕ್ಕೇ ಜೋಡಿಸಬೇಕು. ಸಿನಿಮಾ ಹಾಡನ್ನು ತೆಗೆದು, ಆ ಜಾಗದಲ್ಲಿ ಆಯಿಯ ಮಾತು. ಇಡೀ ಡಿವಿಡಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಇದಕ್ಕೆ ಬೇಕಾಗುವುದು ಒಂದು ಸಾದಾ ಮೊಬೈಲು ಮತ್ತು ಮನೆಯವರೊಬ್ಬರ ತಾಳ್ಮೆ.

ಬೀದರ ಸೀಮೆಯಲ್ಲಿ ಹಿರಿಯರ ಮಾತು ಹಿಡಿದಿಡಲು ಇನ್ನೊಂದು ಕಾರಣವೂ ಇದೆ. ಈ ನೆಲ 1948ರ ಸೆಪ್ಟೆಂಬರ್ ತನಕ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿತು. ಆ ಕಾಲದ ಮುತ್ಯಾಗಳು ಮನೆಯಲ್ಲಿ ಕನ್ನಡ ಆಡಿ, ಸಾಲೆಯಲ್ಲಿ ಉರ್ದು ಕಲಿತವರು. ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಆದರೆ ತಮ್ಮ ಮನೆಯ ಮುತ್ಯಾ ಯಾವ ಸಾಲೆಗೆ ಹೋದ, ಪಾಟಿಯ ಮೇಲೆ ಮೊದಲು ಬರೆದ ಅಕ್ಷರ ಯಾವುದು ಎಂದು ಕೇಳಿದವರು ಎಷ್ಟು ಮಂದಿ? 1948ರ ಮೇ ತಿಂಗಳಲ್ಲಿ ಗೋರಟಾ ಹಳ್ಳಿಯಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯೆಯ ಸುದ್ದಿ ಸುತ್ತಲ ಹಳ್ಳಿಗಳಿಗೆ ಮುಟ್ಟಿದ ರಾತ್ರಿ ಯಾರು ಎಲ್ಲಿಗೆ ಓಡಿದರು, ದನಕರ ಯಾರಿಗೆ ಒಪ್ಪಿಸಿದರು ಎಂಬುದು ಇತಿಹಾಸದ ಪುಸ್ತಕದಲ್ಲಿ ಇಲ್ಲ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಮುಂದಿನ ಎಳ್ಳಮಾಸಿಗೆ ಕೇಳೋಣ ಎಂದು ಮುಂದೂಡುವ ಹೊತ್ತಲ್ಲ ಇದು.

ಕೇಳುವುದಕ್ಕೂ ಒಂದು ರೀತಿ ಇದೆ. ‘ನಿಮ್ಮ ಜೀವನದ ಬಗ್ಗೆ ನಾಲ್ಕು ಮಾತು ಹೇಳ್ರಿ’ ಎಂದರೆ ಮುತ್ಯಾ ಟೊಪ್ಪಿಗೆ ಸರಿಮಾಡಿಕೊಂಡು ಭಾಷಣ ಶುರು ಮಾಡುತ್ತಾನೆ, ಎರಡು ನಿಮಿಷಕ್ಕೆ ಮುಗಿಸುತ್ತಾನೆ. ‘ಮುತ್ಯಾ, ಆ ಬಿಳಿ ಎತ್ತಿನ ಜೋಡಿ ಎಲ್ಲಿಂದ ತಂದಿದ್ರಿ?’ ಎಂದು ಕೇಳಿದರೆ ಸಂತೆ, ದಲಾಲಿ, ನಡೆದು ಬಂದ ದಾರಿ, ಅವತ್ತಿನ ಮಳೆ, ಜೊತೆಗಿದ್ದ ಗೆಳೆಯ ಎಲ್ಲ ಬರುತ್ತಾರೆ. ‘ಎಳ್ಳಮಾಸಿ ಭಜ್ಜಿಗೆ ಏನೇನು ಹಾಕ್ತಿದ್ರಿ ಆಯಿ?’ ಎಂದರೆ ಆಯಿ ಕೈಯಿಂದ ಅಳತೆ ತೋರಿಸುತ್ತಾಳೆ. ಆ ಕೈ ಚಿತ್ರದಲ್ಲಿ ಬರಬೇಕು. ಫ್ಯಾನು ಬಂದ್ ಮಾಡಬೇಕು, ಟೀವಿ ಬಂದ್ ಮಾಡಬೇಕು, ಫೋನನ್ನು ಅಡ್ಡ ಹಿಡಿದು ಮಾತಾಡುವವರಿಂದ ಮೊಳ ಎರಡು ಮೊಳದೊಳಗೆ ಇಡಬೇಕು. ನಡುವೆ ಹುಂಜ ಕೂಗಿದರೆ ಕೂಗಲಿ. ಬಾಗಿಲಲ್ಲಿ ಯಾರೋ ಬಂದು ‘ಏನ್ ನಡದದ ಇಲ್ಲಿ?’ ಎಂದರೆ ಅದೂ ಇರಲಿ.

ಇನ್ನೊಂದು ಮಾತು. ಹಳೆಯ ಕ್ಯಾಸೆಟ್ಟುಗಳನ್ನು ಗಮನವಿಟ್ಟು ನೋಡಿದವರಿಗೆ ಹೊಳೆಯುವ ನೋವು ಇದು: ಮನೆಯಲ್ಲಿ ಹೆಚ್ಚು ದುಡಿದವರು ಚಿತ್ರದಲ್ಲಿ ಕಡಿಮೆ ಇದ್ದಾರೆ. ಕ್ಯಾಮೆರಾ ಹಂದರದಲ್ಲಿ ಇತ್ತು, ಅವರು ಒಲೆಯ ಮುಂದೆ ಇದ್ದರು. ಐನೂರು ಮಂದಿಯ ಅಡಿಗೆ ನೋಡಿಕೊಂಡ ದೊಡ್ಡವ್ವ ಮೂರು ತಾಸಿನ ಟೇಪಿನಲ್ಲಿ ಒಂದೇ ಒಂದು ಸಲ, ಕೊಡ ಹೊತ್ತು ಅಡ್ಡ ಹಾಯುತ್ತಾಳೆ. ಹೊಲದ ಆಳುಮಗ, ಹಂದರ ಹಾಕಿದವರು, ಹಲಗೆ ಬಾರಿಸಿದವರು, ಪಾತ್ರೆ ತೊಳೆದ ಹೆಣ್ಣುಮಕ್ಕಳು ಅಂಚಿನಲ್ಲಿ ಬಂದು ಅಂಚಿನಲ್ಲೇ ಕಾಣೆಯಾಗುತ್ತಾರೆ. ಡಿವಿಡಿ ಮಾಡುವವರಿಗೆ ಈಗ ಅದನ್ನು ಸರಿಮಾಡುವ ಅಧಿಕಾರವಿದೆ. ಆ ಒಂದು ಕ್ಷಣವನ್ನು ನಿಧಾನ ಮಾಡಿ, ನಿಲ್ಲಿಸಿ, ಕೆಳಗೆ ಹೆಸರು ಬರೆಯಬಹುದು. ಇವತ್ತೇ ಒಳಗೆ ಹೋಗಿ, ರೊಟ್ಟಿ ಬಡಿಯುವ ಕೈಗಳ ಸದ್ದನ್ನು ಐದು ನಿಮಿಷ ಬಿಡದೆ ಹಿಡಿಯಬಹುದು.

ಹೆಸರು ಬರೆಯುವ ವಿಚಾರದಲ್ಲಿ ಈ ಸೀಮೆಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಮನಾಬಾದಿನ ಹತ್ತಿರ ಜಲಸಂಗ್ವಿಯ ದೇವಾಲಯದ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬಾಗಿ ನಿಂತು ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದದ್ದನ್ನು ಇವತ್ತಿಗೂ ಓದಬಹುದು. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲು ಅದು. 1076ರಿಂದ 1126ರ ತನಕ ಕಲ್ಯಾಣದಿಂದ ಆಳಿದ ಅರಸನ ಹೆಸರು ಒಬ್ಬ ಹೆಂಗಸಿನ ಬೆರಳ ತುದಿಯಲ್ಲಿ ಉಳಿದಿದೆ. ಅವಳ ಹೆಸರು ಮಾತ್ರ ನಮಗೆ ಗೊತ್ತಿಲ್ಲ. ನಾರಾಯಣಪುರದ ಶಿವಾಲಯದ ಮದನಿಕೆಯರಿಗೂ ಹೆಸರಿಲ್ಲ. ಶಿಲ್ಪಿಯ ಮುಂದೆ ಯಾರದೋ ಮುಖ, ಯಾರದೋ ನಿಲುವು ಇದ್ದೇ ಇರಬೇಕು. ಆ ಊರಿನ ಹೆಣ್ಣುಮಗಳೇ ಇರಬಹುದು. ಹೇಳುವವರಿಲ್ಲ. ಮನೆಯ ಡಿವಿಡಿಯಲ್ಲಿ ಪ್ರತಿ ಮುಖದ ಕೆಳಗೂ ಕನ್ನಡದಲ್ಲಿ ಹೆಸರು, ನಂಟು, ಊರು, ಇಸವಿ ಬರೆಯಬೇಕೆನ್ನುವುದು ಇದಕ್ಕೇ. ‘ದೊಡ್ಡಪ್ಪ’ ಎಂದು ಬರೆದರೆ ಸಾಲದು. ಮೊಮ್ಮಕ್ಕಳ ಕಾಲಕ್ಕೆ ಅದು ಯಾರ ದೊಡ್ಡಪ್ಪನೋ ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡುವಷ್ಟು ಮಹತ್ವ ನಮ್ಮ ಮನೆಯ ಚಿತ್ರಕ್ಕೆ ಎಲ್ಲಿದೆ ಎಂದು ಕೆಲವರಿಗೆ ಅನ್ನಿಸುತ್ತದೆ. ಅವರು ಈ ಕಥೆ ಕೇಳಬೇಕು. ಅಮೆರಿಕದಲ್ಲಿ ಡೇವ್ ಟಟ್ಸುನೋ ಎಂಬ ಜಪಾನಿ ಮೂಲದ ವ್ಯಾಪಾರಿ ಇದ್ದ. ಎರಡನೆಯ ಮಹಾಯುದ್ಧದಲ್ಲಿ ಅವನನ್ನೂ ಅವನ ಸಂಸಾರವನ್ನೂ ಯೂಟಾ ಮರುಭೂಮಿಯ ಟೊಪಾಜ್ ಎಂಬ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಕ್ಯಾಮೆರಾ ನಿಷಿದ್ಧ. ಅವನು ಗುಟ್ಟಾಗಿ 8 ಎಂಎಂ ಕ್ಯಾಮೆರಾ ತರಿಸಿಕೊಂಡು ಮಕ್ಕಳ ಆಟ, ಹಿಮದಲ್ಲಿ ನಡೆಯುವ ಜನ, ತರಕಾರಿ ಬೆಳೆ, ಪೂಜೆಗೆ ಹೊರಟವರು, ಇಂಥವನ್ನೇ ತೆಗೆದ. ಮನೆಯವರಿಗೆಂದು ತೆಗೆದ ಆ ಚಿತ್ರವನ್ನು 1996ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಆರಿಸಿಕೊಂಡರು. ದೊಡ್ಡ ದೊಡ್ಡ ಸಿನಿಮಾಗಳ ಸಾಲಿನಲ್ಲಿ ಅದೂ ಇದೆ. ಅದರಲ್ಲಿ ಧ್ವನಿ ಇಲ್ಲ, ಆ ಕ್ಯಾಮೆರಾದಲ್ಲಿ ಅದು ಸಾಧ್ಯವಿರಲಿಲ್ಲ. 2003ರಿಂದ ಬೇರೆ ಬೇರೆ ದೇಶಗಳಲ್ಲಿ ವರ್ಷಕ್ಕೊಂದು ‘ಹೋಮ್ ಮೂವಿ ಡೇ’ ನಡೆಯುತ್ತದೆ. ಜನ ತಮ್ಮ ಹಳೆಯ ಸುರುಳಿ ತಂದು ಊರವರ ಜೊತೆ ಕೂತು ನೋಡುತ್ತಾರೆ. ಬಸವಕಲ್ಯಾಣದಲ್ಲೂ ಇಂಥದ್ದೊಂದು ಸಂಜೆ ಯಾಕೆ ಆಗಬಾರದು? ಒಂದು ಪರದೆ, ಒಂದು ಪ್ರೊಜೆಕ್ಟರ್, ಓಣಿಯ ಜನ ಸಾಕು.

ಇನ್ನು ಡಿಸ್ಕಿನ ಲೆಕ್ಕ. ಸಾದಾ ಡಿವಿಡಿಗೆ 4.7 ಜಿಬಿ ಜಾಗ. ಚಿತ್ರದ ಗುಣ ಕೆಡದಂತೆ ಬರೆದರೆ ಎರಡು ತಾಸು ಹಿಡಿಯುತ್ತದೆ. ಎರಡು ತಾಸು ಹಿಡಿಯುತ್ತದೆಂದು ಎರಡು ತಾಸು ತುಂಬುವುದು ಬೇಡ. ಊಟವಾದ ಮೇಲೆ ಮುದುಕರು, ಮಕ್ಕಳು ಎಲ್ಲರೂ ಎದ್ದುಹೋಗದೆ ನೋಡಬೇಕಾದರೆ ಮುಖ್ಯ ಚಿತ್ರ ನಲವತ್ತು ನಿಮಿಷ ಮೀರದಿದ್ದರೆ ಚೆನ್ನ. ಉಳಿದದ್ದನ್ನು ಅಧ್ಯಾಯ ಮಾಡಿ ಮೆನುವಿನಲ್ಲಿ ಇಡಬಹುದು: ‘ಎಳ್ಳಮಾಸಿ’, ‘ಆಯಿ ಹೇಳಿದ ಪದ’, ‘ಹಳೆ ಮನಿ’, ‘2017: ಕಲಬುರಗಿಗೆ ರೈಲು’. ಬೀದರದಿಂದ ಕಲಬುರಗಿಗೆ ಹೋಗುವ ರೈಲು ಮಾರ್ಗ ಆ ವರ್ಷದ ಅಕ್ಟೋಬರ್‌ನಲ್ಲಿ ಶುರುವಾದಾಗ ಮೊಬೈಲಿನಲ್ಲಿ ಹಿಡಿದವರು ಈ ಭಾಗದಲ್ಲಿ ಕಡಿಮೆ ಇರಲಾರರು. ಸಿನಿಮಾ ಹಾಡು ಬೇಡ. ಸಂಗೀತ ಬೇಕೇಬೇಕೆಂದರೆ ಮನೆಯ ಹೆಣ್ಣುಮಕ್ಕಳ ಬುಲಾಯಿ ಪದ ಇದೆ, ಊರ ಭಜನಾ ಮೇಳದ ತಾಳ ಇದೆ, ಕೂಸು ತೂಗುವ ಪದ ಇದೆ.

ಬರೆಯುವಾಗ ವೇಗ ಕಡಿಮೆ ಇಡಬೇಕು, ಕೊನೆಗೆ ಡಿಸ್ಕನ್ನು ‘ಫೈನಲೈಸ್’ ಮಾಡಬೇಕು. ಇಲ್ಲವಾದರೆ ಮುತ್ಯಾನ ಮನೆಯ ಹಳೆಯ ಪ್ಲೇಯರ್ ಅದನ್ನು ಓದುವುದಿಲ್ಲ. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಬಾರದು, ತಿರುಗುವಾಗ ತೂಕ ತಪ್ಪುತ್ತದೆ. ಮೆತ್ತನೆಯ ಮಾರ್ಕರಿನಿಂದ ಬರೆದರೆ ಸಾಕು. ಮನೆಯಲ್ಲಿ ಬರೆಯುವ ಡಿವಿಡಿ ಅಂಗಡಿಯ ಸಿನಿಮಾ ಡಿವಿಡಿಯಂಥದಲ್ಲ ಎಂಬುದನ್ನೂ ತಿಳಿದಿರಬೇಕು. ಅದು ಅಚ್ಚೊತ್ತಿದ್ದು, ಇದು ಬಣ್ಣದ ಪದರದ ಮೇಲೆ ಲೇಸರಿನ ಕಾವಿನಿಂದ ಬರೆದದ್ದು. ಬಿಸಿಲು, ಸೆಕೆ ಈ ಬಣ್ಣವನ್ನು ನಿಧಾನವಾಗಿ ಕೆಡಿಸುತ್ತವೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ತಗಡಿನ ಮಾಳಿಗೆಯ ಕೆಳಗಿನ ಶೋಕೇಸಿನಲ್ಲಿ ಇಟ್ಟರೆ ಬಹುಕಾಲ ಬಾಳದು. ಕಪಾಟಿನ ಕೆಳಗಿನ ತಂಪು ಖಾನೆಯಲ್ಲಿ, ಡಬ್ಬಿಯೊಳಗೆ, ನೆಟ್ಟಗೆ ನಿಲ್ಲಿಸಿ ಇಡಬೇಕು.

ಮತ್ತೆ ಒಂದೇ ಪ್ರತಿ ಸಾಲದು. ಕಾಂತೀಯ ಟೇಪುಗಳನ್ನು ಓಡಿಸುವ ಯಂತ್ರಗಳೇ ಇಲ್ಲವಾಗುತ್ತಿವೆ, 2025ರೊಳಗೆ ನಕಲು ಮಾಡಿಕೊಳ್ಳಿ ಎಂದು ಯುನೆಸ್ಕೋ ಮತ್ತು ಧ್ವನಿ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಎಚ್ಚರಿಸಿದ್ದವು. ಡಿವಿಡಿ ಪ್ಲೇಯರುಗಳೂ ಅದೇ ದಾರಿಯಲ್ಲಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆದ್ದರಿಂದ ಡಿಸ್ಕಿನ ಜೊತೆಗೆ ಎಂಪಿ4 ತುಂಬಿದ ಒಂದು ಪೆನ್‌ಡ್ರೈವ್ ಕೊಡುವುದು ಒಳ್ಳೆಯದು, ಟೀವಿಯ ಹಿಂದೆ ಚುಚ್ಚಿದರೆ ನಡೆಯುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಮೂಲವೆಂದು ಇಟ್ಟುಕೊಳ್ಳಬಾರದು, ಅದು ಚಿತ್ರವನ್ನು ಹಿಂಡಿ ಕಿರಿದು ಮಾಡಿರುತ್ತದೆ.

ಕಲ್ಯಾಣದ ಮಗ್ಗುಲಲ್ಲಿ ಬದುಕುವವರಿಗೆ ಪ್ರತಿ ಮಾಡುವುದರ ಬೆಲೆ ಗೊತ್ತಿರಬೇಕು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಶರಣರು ಆಡಿದ ಮಾತು ಓಲೆಗರಿಗೆ ಏರಿತು. ಕಲ್ಯಾಣ ಕದಡಿದಾಗ ಆ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಜನ ನೆನೆಯುತ್ತಾರೆ. ಮುಂದೆ ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಯಾರು ಯಾರೋ ಕೂತು ಗರಿಯಿಂದ ಗರಿಗೆ ನಕಲು ಮಾಡಿದರು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು, ಆ ಕೆಲಸಕ್ಕೆಂದೇ ಮುದ್ರಣಾಲಯ ತೆರೆದರು, ಮನೆಯನ್ನೂ ಮಾರಿದರು. ಪ್ರತಿ ಆದದ್ದು ನಮ್ಮ ಕೈಗೆ ಬಂತು. ಆಗದಿದ್ದವು ಎಷ್ಟು ಇದ್ದವೋ.

ಡಿವಿಡಿ ಯಾರಿಗೆ ಕೊಡಬೇಕು? ಊರಿನ ಹಳೆಯ ಮನೆಗೆ ಒಂದು, ಗಂಡುಮಕ್ಕಳ ಮನೆಗಳಿಗೆ ಒಂದೊಂದು ಎಂದು ಲೆಕ್ಕ ಹಾಕಿ ನಿಲ್ಲಿಸುವುದು ವಾಡಿಕೆ. ಮನೆಯ ಹೆಣ್ಣುಮಕ್ಕಳನ್ನು ಈ ಲೆಕ್ಕದಲ್ಲಿ ಮೊದಲು ಬರೆಯಬೇಕು. ಹದಿನೆಂಟಕ್ಕೋ ಇಪ್ಪತ್ತಕ್ಕೋ ಲಗ್ನವಾಗಿ ಉದಗೀರಕ್ಕೋ ಜಹೀರಾಬಾದಿಗೋ ಹೋದ ಅತ್ತೆಯಂದಿರು ತವರಿನ ಹಳೆಯ ಮನೆ ಬಿದ್ದದ್ದನ್ನು, ಹೊಸದು ಕಟ್ಟಿದ್ದನ್ನು, ಅವ್ವನ ಕೊನೆಯ ವರ್ಷಗಳನ್ನು ಹಬ್ಬಕ್ಕೆ ಬಂದಾಗ ಮಾತ್ರ ಕಂಡವರು. ಅವರ ಮನೆಯಲ್ಲಿ ಈಗ ಮರಾಠಿ, ತೆಲುಗು ಮಾತಾಡುವ ಮೊಮ್ಮಕ್ಕಳಿದ್ದಾರೆ. ಅಜ್ಜಿಯ ಕನ್ನಡ ಎಂಥದಿತ್ತೆಂದು ಆ ಮಕ್ಕಳಿಗೆ ಕೇಳಿಸಲು ಈ ಒಂದು ಡಿಸ್ಕೇ ಇರಬಹುದು.

ಎಳ್ಳಮಾಸಿಯ ಸಂಜೆ ಪಡಸಾಲೆಯಲ್ಲಿ ಹೊಸ ಡಿವಿಡಿ ಹಾಕಿದಾಗ ಯಾರೂ ಸುಮ್ಮನೆ ಕೂತು ನೋಡುವುದಿಲ್ಲ. ‘ಇದು 1991 ಅಲ್ಲ, ಆಗ ನಮ್ಮನ್ಯಾಗ ಕರೆಂಟೇ ಇರ್ಲಿಲ್ಲ’ ಎಂದು ಕಾಕಾ ಎದ್ದು ನಿಲ್ಲುತ್ತಾನೆ. ‘ಈ ಹೆಣಮಗಳ ಹೆಸರು ತಪ್ಪು ಬರ್ದೀರಿ, ಆಕಿ ಅಕ್ಕ ತಂಗಿ ಇಬ್ರೂ ಹಂಗೇ ಕಾಣ್ತಿದ್ರು’ ಎಂದು ಅತ್ತೆ ತಿದ್ದುತ್ತಾಳೆ. ಎತ್ತಿನ ಜೋಡಿ ತಂದದ್ದು ಯಾವ ಸಂತೆಯಿಂದ ಎಂದು ಇಬ್ಬರು ಮುದುಕರು ಜಗಳಕ್ಕೆ ಇಳಿಯುತ್ತಾರೆ. ಡಿವಿಡಿ ಮಾಡಿದ ಹುಡುಗಿ ಪೆನ್ನು ಹಿಡಿದು ಎಲ್ಲ ಬರೆದುಕೊಳ್ಳುತ್ತಾಳೆ: ಇಸವಿ ಬದಲಿಸಬೇಕು, ಎರಡು ಹೆಸರು ತಿದ್ದಬೇಕು, ಹುಲಸೂರಿನ ಮನೆಯಲ್ಲಿ ಇನ್ನೊಂದು ಕ್ಯಾಸೆಟ್ಟು ಇದೆಯಂತೆ, ನಾಳೆ ಹೋಗಿ ತರಬೇಕು.